ನಾನು ಸಿಹಿ ಮಾಡಿದ ಭಾಷಣಗಳು

ಹೋದ ವಾರ ಹರಿಪುರಕ್ಕೆ ಹೋಗಿದ್ದೆ. ಮೊಮ್ಮಗಳ ಮದುವೆಗೆ ಒಳ್ಳೆಯ ಅರಿಷಿಣ ಬೇಕು, ಅಂಗಡಿಯ ಪುಡಿಯಲ್ಲಿ ಏನೇನು ಬೆರೆಸಿರುತ್ತಾರೋ ದೇವರೇ ಬಲ್ಲ, ಅಜ್ಜನಿಗೆ ಅಲ್ಲಿ ಹಳೆಯ ಗುರುತಿನವರಿದ್ದಾರೆ, ಅವನೇ ತರಲಿ ಎಂದು ಮನೆಯವರು ನನ್ನನ್ನು ಅಟ್ಟಿದ್ದರು. ಗುರುತಿನವರು ಯಾರೂ ಉಳಿದಿಲ್ಲವೆಂದು ನಾನು ಅವರಿಗೆ ಹೇಳಿರಲಿಲ್ಲ. ಮನೆಯಿಂದ ಹೊರಬೀಳಲು ನನಗೂ ಒಂದು ನೆವ ಬೇಕಾಗಿತ್ತು.

ಸಾಂಗಲಿಗೆ ಅಂಟಿಕೊಂಡಂತಿರುವ ಈ ಊರಿನ ನೆಲದ ಗುಣವೇ ಬೇರೆ. ಎರಡಾಳು ಮೂರಾಳು ಆಳ ತೋಡಿದರೂ ಗೋಡೆ ಕುಸಿಯುವುದಿಲ್ಲ, ನೀರು ಒಸರುವುದಿಲ್ಲ. ಹಾಗೆ ತೋಡಿದ ಹಗೇವಿನಲ್ಲಿ ಕಬ್ಬಿನ ಒಣಗರಿಯ ರವದಿ, ಅದರ ಮೇಲೆ ಚಾಪೆ ಹಾಸಿ, ಒಣಗಿದ ಅರಿಷಿಣ ತುಂಬಿ, ಮಣ್ಣಿನಿಂದ ಬಾಯಿ ಮುಚ್ಚಿಬಿಟ್ಟರೆ ಎಷ್ಟು ಮಳೆಗಾಲ ಕಳೆದರೂ ಮಾಲು ಇಟ್ಟ ಹಾಗೆಯೇ ಇರುತ್ತದೆ. ಜೋಳದ ಹಗೇವು ನಮ್ಮ ಕನ್ನಡದ ಕಡೆ ಎಲ್ಲರೂ ಕಂಡದ್ದೇ. ಅರಿಷಿಣದ್ದು ಮಾತ್ರ ಇಲ್ಲಿ. ಮರಾಠಿಯವರು ಅದಕ್ಕೆ ಪೇವ ಅನ್ನುತ್ತಾರೆ. ನಾನು ಹೋದ ಹೊತ್ತಿಗೆ ಒಂದರ ಬಾಯಿ ಆಗಷ್ಟೇ ತೆಗೆದಿದ್ದರು. ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಅದು ಹೋಗಲೆಂದು ಹಮಾಲರು ಸುತ್ತ ಕೂತು ಎಲೆ ಅಡಿಕೆ ಹಾಕುತ್ತಾ ಕಾಯುತ್ತಾರೆ. ನಾನೂ ನಿಂತೆ. ಮಣ್ಣು, ರವದಿ, ಅರಿಷಿಣ ಕೂಡಿದ ಆ ಬೆಚ್ಚಗಿನ ವಾಸನೆ ಮೇಲೆ ಬಂತು ನೋಡಿ, ನಾನು ಎರಡು ಹೆಜ್ಜೆ ಹಿಂದೆ ಸರಿದು ಮುಖ ತಿರುಗಿಸಿದೆ. ಒಬ್ಬ ಹುಡುಗ ಓಡಿಬಂದು, "ಅಜ್ಜಾ, ಕುಂದ್ರಿ" ಅಂದ. ವಯಸ್ಸಾಯಿತು ಎಂದುಕೊಂಡಿರಬೇಕು. ವಯಸ್ಸಲ್ಲ ಅದು, ನಾಚಿಕೆ.

ಅದು ಮಹಾಯುದ್ಧ ಮುಗಿದು ಸ್ವಾತಂತ್ರ್ಯ ಇನ್ನೂ ಬಾರದ ನಡುವಿನ ಒಂದು ಬೇಸಿಗೆ. ಆಗ ಸಾಂಗಲಿಗೆ ಒಬ್ಬ ರಾಜರು, ಮಿರಜಕ್ಕೆ ಬೇರೆ ರಾಜರು. ಒಂದು ಹಳ್ಳಿ ಇವರದ್ದು, ಅದರ ಪಕ್ಕದ್ದು ಅವರದ್ದು. ಚಕ್ಕಡಿ ಕಟ್ಟಿಕೊಂಡು ಹೊರಟರೆ ಎತ್ತು ಬೆವರುವಷ್ಟರಲ್ಲಿ ಸಂಸ್ಥಾನ ಬದಲಾಗುತ್ತಿತ್ತು. ಸಾಂಗಲಿಯ ರಾಜರಿಗೆ ಸಲಹೆ ಕೊಡಲು ಪ್ರಜೆಗಳದೊಂದು ಸಭೆ, ಆ ಸಭೆಗೆ ಚುನಾವಣೆ. ಭೂಮಿಯ ಕಂದಾಯ ಕಟ್ಟುವವರಿಗಷ್ಟೇ ಮತ. ಸಭೆಯ ಕೈಯಲ್ಲಿ ಅಂಥ ದೊಡ್ಡ ಅಧಿಕಾರವೇನೂ ಇರಲಿಲ್ಲ. ಆದರೆ ಕುರ್ಚಿ ಎಷ್ಟು ಸಣ್ಣದಾದರೂ ಕೂಡ್ರುವ ಆಸೆ ಸಣ್ಣದಿರುವುದಿಲ್ಲವಲ್ಲ.

ನಾನು ಸಾಂಗಲಿಯ ಅರಿಷಿಣ ಪೇಟೆಯಲ್ಲಿ, ದಾದಾಸಾಹೇಬರ ಅಡತಿ ಅಂಗಡಿಯಲ್ಲಿ ಗುಮಾಸ್ತ. ರೈತರು ತಂದ ಮಾಲನ್ನು ವ್ಯಾಪಾರಸ್ಥರಿಗೆ ಮಾರಿಸಿಕೊಡುವ ಅಂಗಡಿ ಅದು. ಪೇಟೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ರುಮಾಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ದರ ಮುಗಿಸುತ್ತಿದ್ದರು. ಆಮೇಲೆ ಉಳಿಯುತ್ತಿದ್ದದ್ದು ಮಾತಿನ ಕೆಲಸ, ಅದು ನನ್ನದು. ವ್ಯಾಪಾರಸ್ಥರು ಮರಾಠಿ, ಗುಜರಾತಿ ಮಂದಿ. ಮಾಲು ತರುವ ರೈತರಲ್ಲಿ ಅರ್ಧ ಮಂದಿ ನಮ್ಮ ಕನ್ನಡದವರು. ಅವರಿಗೆ ದರ, ತೂಕ, ಸಂತೆಗೆ ಬೇಕಾದಷ್ಟು ಮರಾಠಿ ಬರುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. "ಈ ಕಸವನ್ನು ಯಾವ ತಿಪ್ಪೆಯಿಂದ ಎತ್ತಿ ತಂದ?" ಎಂದು ವ್ಯಾಪಾರಸ್ಥ ಕೇಳಿದರೆ ನಾನು ರೈತನಿಗೆ, "ಇನ್ನೊಂದೀಟು ಒಣಗಿಸಬೇಕಿತ್ತು ಅಂತಾರ್ರಿ" ಅನ್ನುತ್ತಿದ್ದೆ. ರೈತ ಅವನ ವಂಶವನ್ನೆಲ್ಲ ಜಾಲಾಡಿದರೆ ಇತ್ತ ತಿರುಗಿ, "ಇನ್ನೊಮ್ಮೆ ನೋಡಿ ಅನ್ನುತ್ತಾನೆ" ಎಂದು ಮರಾಠಿಯಲ್ಲಿ ಹೇಳುತ್ತಿದ್ದೆ. ಬೈಗುಳವೆಲ್ಲ ನನ್ನ ಕಿವಿಯಲ್ಲೇ ಉಳಿಯುತ್ತಿತ್ತು, ವ್ಯಾಪಾರ ಕುದುರುತ್ತಿತ್ತು. ಇದು ಸುಳ್ಳೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ಕೈಗುಣ ಎಂದುಕೊಂಡಿದ್ದೆ. ಪೇಟೆಯಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ದಾದಾಸಾಹೇಬರು ಚುನಾವಣೆಗೆ ನಿಂತರು. ಕೆಟ್ಟ ಮನುಷ್ಯರೆಂದು ಅವರನ್ನು ತಳ್ಳಿಹಾಕಿಬಿಟ್ಟರೆ ನನಗೆ ಅನುಕೂಲ, ಆದರೆ ಹಾಗಿರಲಿಲ್ಲ. ನಮ್ಮ ಅವ್ವನಿಗೆ ಉಬ್ಬಸ ಹೆಚ್ಚಾದಾಗ ತಮ್ಮ ಟಾಂಗಾದಲ್ಲಿ ಮಿರಜದ ದವಾಖಾನೆಗೆ ಕಳಿಸಿದವರು ಅವರೇ. ಪುಣೆಯಲ್ಲಿ ಓದಿದವರು. ಅವರ ಮರಾಠಿ ಕೇಳಿದರೆ ಪೇಟೆಯ ಮರಾಠಿ ನಾಚಿ ಮೂಲೆ ಸೇರಬೇಕು, ಅಂಥ ಶುದ್ಧ. ಕನ್ನಡ ಮಾತ್ರ ಅವರಿಗೆ ಬಾರದು. ಹರಿಪುರದಲ್ಲಿ ಸಾಲು ಸಾಲು ಹಗೇವುಗಳ ಒಡೆಯರು. ಸೋಲುವುದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ, ತಮ್ಮನ್ನು ಬೇಡವೆನ್ನುವವನೊಬ್ಬ ಇರಬಹುದೆಂಬುದನ್ನು ತಾಳಿಕೊಳ್ಳುವುದೂ ಗೊತ್ತಿರಲಿಲ್ಲ. ಅವರ ಎದುರಿಗೆ ನಿಂತವರು ಕೃಷ್ಣೆಯ ದಂಡೆಯ ಹಳ್ಳಿಯೊಂದರ ಹಳೆಯ ಶಾಲಾ ಮಾಸ್ತರರು. ಆ ಹಳ್ಳಿಯ ಹೆಸರು ಹೇಳುವುದಿಲ್ಲ. ಮ್ಹೈಸಾಳದ ಆಚೀಚೆ ಎಂದುಕೊಳ್ಳಿ. ಅಲ್ಲಿ ಆ ಮನೆತನದವರು ಇನ್ನೂ ಇದ್ದಾರೆ.

ಆ ಹಳ್ಳಿ ನಮ್ಮ ಅವ್ವನ ತವರು. ಅವ್ವ ಅಣ್ಣಾ ಎಂದು ಕರೆಯುತ್ತಿದ್ದ ಬಾಳಗೊಂಡ ಮಾಮಾ ಅಲ್ಲಿಯವರೇ. ಒಡಹುಟ್ಟಿದವರಲ್ಲ. ಅವರು ಜೈನರು, ನಾವು ಲಿಂಗಾಯತರು, ಆದರೆ ಪಕ್ಕದ ಮನೆ. ನಾಗರ ಪಂಚಮಿಗೆ ಅವ್ವನನ್ನು ಕರೆಯಲು ಚಕ್ಕಡಿ ತಪ್ಪದೆ ಬರುತ್ತಿತ್ತು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ, "ಅಳಿಯಾ" ಎಂದೇ. ಮಗಳಿಲ್ಲದ ಮನುಷ್ಯ, ಆದರೂ ಅಳಿಯ. "ಹೆಣ್ಣು ಕೊಡೂದು ಇಲ್ಲಾ, ವರದಕ್ಷಿಣಿ ಕೊಡೂದು ಇಲ್ಲಾ, ಪುಕ್ಕಟ ಅಳಿಯಾ ನೋಡವ್ವ" ಎಂದು ಅವ್ವನ ಮುಂದೆ ನಗುತ್ತಿದ್ದರು. ಅವರ ಅರಿಷಿಣ ನಮ್ಮ ಅಂಗಡಿಗೇ ಬರುತ್ತಿತ್ತು. ಆ ವರ್ಷ ಬೆಳೆ ಬಂಗಾರದಂತೆ ಬಂದಿತ್ತು. ಅದನ್ನು ಮಾರಿ, ಹೊಳೆಯಿಂದ ನೀರೆತ್ತಲು ಒಂದು ಎಣ್ಣೆ ಇಂಜಿನ್ ತರುವುದು ಅವರ ಹಂಬಲ. ಇಂಜಿನ್ ಎಲ್ಲಿ ಕೂಡಿಸಬೇಕು, ಕಾಲುವೆ ಎಲ್ಲಿಂದ ಹಾಯಬೇಕು ಎಂದು ದಂಡೆಯಲ್ಲಿ ಗೂಟ ಹೊಡೆದೂ ಆಗಿತ್ತು.

ಆ ಹಳ್ಳಿಯಲ್ಲೇ ಮೊದಲ ಭಾಷಣ. ಚಾವಡಿಯ ಕಟ್ಟೆಯ ಮೇಲೆ ದಾದಾಸಾಹೇಬರು, ಪಕ್ಕದಲ್ಲಿ ದುಭಾಷಿ ನಾನು. ಅವರು ಒಂದು ಮಾತಾಡಿ ನಿಲ್ಲಬೇಕು, ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ರಸ್ತೆ, ಶಾಲೆ, ದನದ ದವಾಖಾನೆ ಎಂದು ಚೆನ್ನಾಗಿಯೇ ನಡೆದಿತ್ತು. ಎದುರಿಗೆ ಮಾಸ್ತರರ ಕಡೆಯವರು ಕೈಕಟ್ಟಿ ಕೂತಿದ್ದು ನೋಡಿ ದಾದಾಸಾಹೇಬರಿಗೆ ಸಿಟ್ಟು ಬಂತು. ಮರಾಠಿಯಲ್ಲಿ ಅವರು ಅಂದದ್ದು ಇದು. ಪೇವದೊಳಗೆ ಹುಳ ಹತ್ತಿದ ಒಂದು ಅರಿಷಿಣದ ಕೊಂಬು ಹೋದರೆ ಸಾಕು, ಪೇವವೆಲ್ಲ ಕೆಡುತ್ತದೆ. ನನಗೆ ಮತ ಹಾಕದವರು ಅಂಥ ಹುಳುಕು ಕೊಂಬುಗಳು. ಅವರನ್ನು ಆರಿಸಿ ತಿಪ್ಪೆಗೆ ಎಸೆಯದೆ ಈ ಸಂಸ್ಥಾನ ಉಳಿಯುವುದಿಲ್ಲ.

ಹೇಳಿ ನನ್ನ ಕಡೆ ತಿರುಗಿದರು. ಮೊದಲ ಸಾಲಿನಲ್ಲೇ ಬಾಳಗೊಂಡ ಮಾಮಾ ರುಮಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಅಳಿಯ ಕಟ್ಟೆ ಹತ್ತಿದ್ದಾನೆಂಬ ಹಿಗ್ಗು ಮುಖದ ತುಂಬ. ಈ ಮಾತನ್ನು ಹೀಗೇ ಹೇಳಿದರೆ ಚಪ್ಪಲಿ ಮೊದಲು ಬೀಳುವುದು ನನ್ನ ಮೇಲೆ ಎಂದು ಹೆದರಿದೆ, ಅದೂ ನಿಜ. ಆ ಮುಖಕ್ಕೆ ಆ ಮಾತು ಎಸೆಯಲು ಬಾಯಿ ಬರಲಿಲ್ಲ, ಅದೂ ನಿಜ. ಪೇಟೆಯ ಅಭ್ಯಾಸ ನಾಲಿಗೆಯ ತುದಿಯಲ್ಲಿ ತಯಾರಾಗಿ ನಿಂತಿತ್ತು.

"ಹಗೇವಿನಾಗ ಯಾರ ಹೊಲದ ಅರಿಷಿಣ ಅಂತ ಯಾರರೇ ಕೇಳ್ತಾರೇನ್ರಿ?" ಅಂದೆ. "ಮ್ಯಾಲಿನ ಹೊಲದ್ದೂ ಅಲ್ಲೇ, ಕೆಳಗಿನ ಹೊಲದ್ದೂ ಅಲ್ಲೇ. ಹಂಗ ನನಗ ಮತ ಕೊಟ್ಟವರೂ ನನ್ನವರು, ಕೊಡದವರೂ ನನ್ನವರು. ಎಲ್ಲಾರೂ ಒಂದ ಹಗೇವಿನವರು ಅಂತಾರ ಸಾಹೇಬರು."

ಆಗ ಬಿದ್ದ ಚಪ್ಪಾಳೆ! ಮಾಸ್ತರರ ಕಡೆಯವರೂ ಕೈ ಬಿಚ್ಚಿ ತಟ್ಟಿದರು. ಒಬ್ಬ ಮುದುಕಿ ಎದ್ದು ಬಂದು ದಾದಾಸಾಹೇಬರ ಮುಖಕ್ಕೆ ನಿವಾಳಿಸಿ ನೆಟಿಗೆ ಮುರಿದಳು. ದಾದಾಸಾಹೇಬರು ನನ್ನನ್ನು ಬೆರಗಿನಿಂದ ನೋಡಿದರು. ಟಾಂಗಾ ಹತ್ತಿದ ಮೇಲೆ, "ಈ ಕಾನಡಿ ಜನಕ್ಕೆ ಖಾರವೇ ಸೇರುತ್ತದೆ, ಅಲ್ಲವೇನೋ?" ಅಂದರು. ನಾನು ನಕ್ಕೆ. ಆ ನಗೆ ನೆನೆದರೆ ಈಗ ಹಲ್ಲು ಜುಮ್ಮೆನ್ನುತ್ತದೆ.

ಅಲ್ಲಿಂದ ಮುಂದೆ ನಮ್ಮಿಬ್ಬರ ಜೋಡಿ ಹಳ್ಳಿ ಹಳ್ಳಿ ತಿರುಗಿತು. ಅವರು ಹುಳುಕು ಕೊಂಬಿಗೆ ಇನ್ನಷ್ಟು ಖಾರ ಅರೆದಂತೆ ನಾನು ಹಗೇವಿಗೆ ಇನ್ನಷ್ಟು ಬೆಲ್ಲ ಸುರಿದೆ. ಅವರು ಹುಳ ಅಂದರೆ ನಾನು ಬಂಧು ಅಂದೆ, ಅವರು ತಿಪ್ಪೆ ಅಂದರೆ ನಾನು ತೊಟ್ಟಿಲು ಅಂದೆ. ಚಪ್ಪಾಳೆ ಒಂದೇ, ಇಬ್ಬರೂ ತಮ್ಮದೆಂದು ತಿಳಿದೆವು. ನನಗೆ ಅಮಲು ಏರಿತ್ತು. ಒಳ್ಳೆಯ ಮಾತು ಆಡುತ್ತಿದ್ದೇನೆ, ಜನರನ್ನು ಕೂಡಿಸುತ್ತಿದ್ದೇನೆ, ಇದರಲ್ಲಿ ಕೆಡುವುದೇನು? ಕೆಡುತ್ತಿದ್ದದ್ದು ನನ್ನ ಕಣ್ಣೆದುರಿಗೇ ಇತ್ತು, ನೋಡಲಿಲ್ಲ ಅಷ್ಟೇ. ಹಳ್ಳಿಯಲ್ಲಿ ಇಷ್ಟು ಚಪ್ಪಾಳೆ ಬೀಳುವ ಮಾತು ಪೇಟೆಯಲ್ಲೇಕೆ ಬೇಡ ಎಂದು ದಾದಾಸಾಹೇಬರು ಸಾಂಗಲಿಯ ಚೌಕದಲ್ಲೂ ಅದನ್ನೇ ಆಡತೊಡಗಿದರು. ಅಲ್ಲಿ ದುಭಾಷಿ ಬೇಕಿರಲಿಲ್ಲ. ಕೆಲವೇ ದಿನಗಳಲ್ಲಿ ಮಾಸ್ತರರ ಕಡೆಯವರಿಗೆಲ್ಲ "ಕಿಡಕೆ" ಎಂದು ಹೆಸರು ಬಿತ್ತು. ಹುಳುಕರು ಎಂದರ್ಥ. ತೂಕದ ಕಟ್ಟೆಯ ಮೇಲೆ ಒಬ್ಬ ಹಮಾಲ ಇನ್ನೊಬ್ಬನನ್ನು ಹಾಗೆ ಕರೆದ. ನಿನ್ನೆಯವರೆಗೆ ಒಂದೇ ಬೀಡಿ ಇಬ್ಬರೂ ಸೇದುತ್ತಿದ್ದವರು. ನಾನು ಕೇಳಿಯೂ ಕೇಳದವನಂತೆ ಒಳಗೆ ಹೋದೆ.

ಮತದಾನಕ್ಕೆ ಮೊದಲಿನ ಸಂತೆಗೆ ಬಾಳಗೊಂಡ ಮಾಮಾ ಬಂದವರು ಊಟಕ್ಕೆ ಮನೆಗೆ ಬಂದರು. ಅವ್ವ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ತಾಟಿನ ಮುಂದೆ ಕೂತರೂ ಮಾಮಾ ಕೈ ಹಾಕಲಿಲ್ಲ.

"ಅಳಿಯಾ, ಪ್ಯಾಟ್ಯಾಗ ನನ್ನ ಕಿಡಕಾ ಅಂದ್ರು. ದಾದಾಸಾಹೇಬರಽ ಹಂಗ ಭಾಷಣದಾಗ ಅಂತಾರ ಅಂದ್ರು. ಖರೇ ಏನು?"

ಅವತ್ತು ಹೌದು ಎನ್ನಬಹುದಾಗಿತ್ತು. ಮಾಮಾ ಹೊರಗಿನವರಲ್ಲ. ಅಡಿಗೆಮನೆಯಲ್ಲಿ ನಾವು ಮೂವರೇ. ಒಂದು ಸಲ ಬೈಸಿಕೊಂಡು ಮುಗಿಸಬಹುದಾಗಿತ್ತು.

"ಪ್ಯಾಟಿ ಹುಡುಗೂರು ಏನರೇ ಅಂತಾವ್ರಿ ಮಾಮಾ. ಸಾಹೇಬರು ಏನಂದ್ರು ಅಂಬೂದು ನೀವ ಕಿವಿಯಾರೆ ಕೇಳೀರಲ್ಲ" ಅಂದೆ.

"ನಾ ಕೇಳಿದ್ದು ನಿನ್ನ ಬಾಯಾಗಿಂದು."

"ನನ್ನ ಬಾಯಿ ಬ್ಯಾರೆ, ಅವರ ಬಾಯಿ ಬ್ಯಾರೆ ಏನ್ರಿ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವಳಿಗೆ ಮರಾಠಿ ನನ್ನಷ್ಟೇ ಬರುತ್ತಿತ್ತು, ಚೌಕದ ಸುದ್ದಿಯೂ ಅವಳ ಕಿವಿಗೆ ಬಿದ್ದಿತ್ತು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಮಾಮಾ ಹಗುರಾದರು. ರೊಟ್ಟಿ ಮುರಿದು, "ಹಂಗಾದ್ರ ಆತು ಬಿಡು" ಅಂದರು. "ಮಾಸ್ತರು ನನಗ ಅಕ್ಷರ ಕಲಿಸಾಕ ಬಾಳ ಬಡದಾಡ್ಯಾರ, ಕಲೀಲಿಲ್ಲ ಅದು ನನ್ನ ದೈವ. ಮತಾ ಅವರಿಗೇ ಕೊಡಬೇಕಂತ ಮನಸಿನಾಗ ಐತಿ. ಆದ್ರ ಅರಿಷಿಣ ಇನ್ನೂ ಮನ್ಯಾಗ ಐತಿ, ದರಾ ಏರಲಿ ಅಂತ ತಡದೇನಿ, ನಾಳೆ ಹಗೇವು ದಾದಾಸಾಹೇಬರ್ದಽ ಬೇಕು. ಅದಕ್ಕ ಮತದ ದಿನ ಮನ್ಯಾಗ ಮಲಗಿಬಿಡೋಣು ಅಂದಿದ್ದೆ. ಕೊಡದವರೂ ನನ್ನವರು ಅಂದಾರ ಅಂದಮ್ಯಾಲ ಯಾಕ ಅಂಜಬೇಕು? ದೊಡ್ಡ ಮನಶ್ಯಾ ನೋಡವ್ವ, ತಂಗಿ."

ಆಗ ಓದು ಬಾರದವರು ಅಧಿಕಾರಿಯ ಮುಂದೆ ನಿಂತು ತಮಗೆ ಬೇಕಾದವರ ಹೆಸರನ್ನು ಬಾಯಿಂದಲೇ ಹೇಳಬೇಕಿತ್ತು. ಎರಡೂ ಕಡೆಯ ಮಂದಿ ಪಕ್ಕದಲ್ಲೇ ಕೂತಿರುತ್ತಿದ್ದರು. ಹೆಚ್ಚಿನವರು ಒಳಗೆ ಹೋಗಿ ಗುಸುಗುಸು ಎಂದು ಬರುತ್ತಿದ್ದರು. ಮಾಮಾ ಮಾಸ್ತರರ ಹೆಸರನ್ನು ಚಾವಡಿಯ ಹೊರಗಿನ ಬೇವಿನ ಮರದ ಬುಡಕ್ಕೂ ಕೇಳುವಂತೆ ಹೇಳಿದರು. ಹೇಳಿ, ದಾದಾಸಾಹೇಬರ ಪರವಾಗಿ ಕೂತಿದ್ದ ನಮ್ಮ ಕಡೆಗೆ ಕೈಮುಗಿದು ನಕ್ಕು ಹೊರಟರು. ಆ ಧೈರ್ಯ ನೋಡಿ ಅವರ ಓಣಿಯವರೆಲ್ಲ ಹಾಗೇ ಮಾಡಿದರು. ನನ್ನ ಮಾತು ನಂಬಿ ಒಂದು ಓಣಿಯೇ ಬಾಯಿಬಿಟ್ಟಿತು.

ದಾದಾಸಾಹೇಬರು ಗೆದ್ದರು. ಪೇಟೆಯಲ್ಲಿ ಪೇಢೆ ಹಂಚಿದರು. ಸೋತದ್ದು ಆ ಹಳ್ಳಿಯಲ್ಲಿ ಮಾತ್ರ, ಅದನ್ನು ಮರೆಯಲಿಲ್ಲ. "ಅಷ್ಟು ಚಪ್ಪಾಳೆ ತಟ್ಟಿದವರು ಹಿಂದಿನಿಂದ ಚೂರಿ ಹಾಕಿದರಲ್ಲೋ" ಎಂದು ನಿಜವಾಗಿಯೂ ನೊಂದುಕೊಂಡರು. ನನಗೆ ಕೂತಲ್ಲಿ ಕೂಡ್ರಲು ಆಗಲಿಲ್ಲ. ಅವರ ಕಡೆಯಿಂದ ನೋಡಿದರೆ ಅದು ಮೋಸವೇ. ಆ ಊರಿನ ಮಾಲು ನಮ್ಮ ಪೇವಕ್ಕೆ ಬೇಡ ಎಂದು ಹುಕುಂ ಆಯಿತು. ನಾನು ಮಾಮಾಗೆ ಹೇಳಿಕಳಿಸಲಿಲ್ಲ. ಸಿಟ್ಟು ಇಳಿದೀತು, ದಿನ ಹೋದಂತೆ ಮರೆತಾರು ಎಂದು ನನಗೆ ನಾನೇ ಸಿಹಿ ಮಾತು ಹೇಳಿಕೊಂಡೆ.

ಮುಂಗಾರಿನ ಮಿರಗದ ಮಳೆ ಕೂಡುವ ಹೊತ್ತಿಗೆ ಮಾಮಾ ಚಕ್ಕಡಿಗಳ ತುಂಬ ಅರಿಷಿಣ ಹೇರಿಕೊಂಡು ಹರಿಪುರಕ್ಕೆ ಬಂದರು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಉಳಿದವರ ಹಗೇವುಗಳೆಲ್ಲ ತುಂಬಿ ಮುಚ್ಚಿಯಾಗಿದ್ದವು. ದಾದಾಸಾಹೇಬರು ತಗಡಿನ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕಡೆಯ ಕೆಲಸ ನೋಡುತ್ತಿದ್ದರು, ನಾನು ಅವರ ಬದಿಗೆ. ಹಮಾಲರ ಮೇಸ್ತ್ರಿ ಮುಕಾದಮ ಚಕ್ಕಡಿಗಳನ್ನು ತಡೆದ. ಮಾಮಾ ಅವನೊಡನೆ ವಾದಿಸಲಿಲ್ಲ. ನೇರ ಬಂದು ತೋಡಿದ ಮಣ್ಣಿನ ಗುಡ್ಡೆಯ ಆಚೆ ನಿಂತರು. ಹಮಾಲರ ಗದ್ದಲ, ಗಾಳಿ.

"ಅಳಿಯಾ, ಸಾಹೇಬರಿಗೆ ಹೇಳು" ಎಂದು ಅಲ್ಲಿಂದಲೇ ಕೂಗಿದರು. "ಕೊಟ್ಟವರೂ ಕೊಡದವರೂ ಒಂದ ಹಗೇವಿನವರು ಅಂತ ನಮ್ಮ ಚಾವಡಿ ಕಟ್ಟಿಮ್ಯಾಲ ನಿಂತು ಅಂದವರು ನೀವು. ಆ ಮಾತಿನ ಮ್ಯಾಲ ನಾ ನನ್ನ ಮತಾ ಬಾಯಿಬಿಟ್ಟು ಕೊಟ್ಟೇನಿ. ಈಗ ಆ ಮಾತು ಉಳಿಸಿಕೊಳ್ಳರಿ ಅಂತ ಹೇಳು."

ದಾದಾಸಾಹೇಬರು ನನ್ನ ಕಡೆ ತಿರುಗಿ, ಏನಂತೆ ಎಂದು ಹುಬ್ಬು ಹಾರಿಸಿದರು.

ಅವರಿಗೆ ಇದನ್ನು ಇದ್ದಹಾಗೆ ಹೇಳಿದರೆ ಅವರು, ನಾನು ಯಾವಾಗ ಹಾಗೆ ಅಂದೆ ಎಂದು ಕೇಳುತ್ತಿದ್ದರು. ಆಮೇಲೆ ಎಲ್ಲವೂ ಬಯಲಾಗುತ್ತಿತ್ತು. ನನ್ನ ನೌಕರಿ ಹೋಗುತ್ತಿತ್ತು, ಮಾಮಾನ ಮಾಲೂ ಒಳಗೆ ಹೋಗುತ್ತಿರಲಿಲ್ಲ. ಎರಡೂ ಉಳಿಯುವ ದಾರಿಯೊಂದು ಥಟ್ಟನೆ ಹೊಳೆಯಿತು. ಎಷ್ಟು ಬುದ್ಧಿವಂತ ನಾನು! ಅವರ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ ಮರಾಠಿಯಲ್ಲಿ ಅಂದೆ: "ತಪ್ಪಾಯಿತು ಅನ್ನುತ್ತಾನೆ. ಮಾಫಿ ಕೇಳುತ್ತಿದ್ದಾನೆ."

ದಾದಾಸಾಹೇಬರ ಮುಖ ಅರಳಿತು. ನಾನು ನೆನೆಸಿದ್ದಕ್ಕಿಂತ ಹೆಚ್ಚು ಅರಳಿತು. ಒಳಗೆ ಬಿಡಿ ಎಂದು ಮುಕಾದಮನಿಗೆ ಕೈ ಮಾಡಿದರು. ಆಚೆಯಿಂದ ಮಾಮಾ ಎರಡೂ ಕೈ ಎತ್ತಿ ಮುಗಿದರು. "ಮಾತಿನ ಮನಶ್ಯಾ!" ಎಂದು ಪಕ್ಕದವರಿಗೆ ಹೇಳುತ್ತಾ ಚಕ್ಕಡಿ ಹೊಡೆಸಿದರು. ಸಂಜೆಗೆ ಅರಿಷಿಣವೆಲ್ಲ ಒಳಗೆ ಇಳಿದು ಬಾಯಿ ಮುಚ್ಚಿತು. ಮನೆಗೆ ಹೋಗಿ ಅವ್ವನಿಗೆ, ಮಾಮಾನ ಕೆಲಸ ನಾನೇ ಮಾಡಿಸಿಕೊಟ್ಟೆ ಎಂದು ಹೇಳಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ದಾದಾಸಾಹೇಬರು ಸುಮ್ಮನಿರುವವರಲ್ಲ. ಕಂಡ ಕಂಡವರಿಗೆ ಹೇಳಿದರು. ಮಾಸ್ತರರ ದೊಡ್ಡ ಬೆಂಬಲಿಗ ಬಂದು ಮಾಫಿ ಕೇಳಿದ, ಪೇವದ ಬಾಯಲ್ಲಿ ನಿಂತು ಕೈಮುಗಿದ, ಹುಳುಕು ಕೊಂಬು ತಾನಾಗಿ ತಿಪ್ಪೆ ಹುಡುಕಿಕೊಂಡು ಬಂತು ಎಂದು. ಕೈಮುಗಿದದ್ದನ್ನು ಎಲ್ಲರೂ ನೋಡಿದ್ದರಲ್ಲ, ಸಾಕ್ಷಿಗೂ ಕೊರತೆ ಇರಲಿಲ್ಲ. ಸುದ್ದಿ ಚಕ್ಕಡಿಗಿಂತ ಮೊದಲೇ ಊರು ಮುಟ್ಟಿತು. ಮಾಮಾನನ್ನು ನಂಬಿ ಬಾಯಿಬಿಟ್ಟಿದ್ದ ಓಣಿಯವರು ಅವರ ಕಟ್ಟೆಗೆ ಬರುವುದು ಬಿಟ್ಟರು. ನಮ್ಮನ್ನು ಮುಂದೆ ಮಾಡಿ, ತಾನು ಹೋಗಿ ಕಾಲು ಹಿಡಿದ ಎಂದರು. ಮಾಸ್ತರರು ಎದುರಿಗೆ ಬಂದರೂ ತಲೆ ತಗ್ಗಿಸಿ ಮುಂದೆ ಹೋದರಂತೆ.

ಮಳೆ ಹಿಡಿದಿತ್ತು. ಮಾಮಾ ಕಂಬಳಿ ಹೊದ್ದು ಅಂಗಡಿಗೆ ಬಂದು ನನ್ನ ಗಾದಿಯ ಮುಂದೆ ನಿಂತರು. ಕುಂದ್ರಿ ಅಂದರೆ ಕೂಡಲಿಲ್ಲ.

"ನಾ ಮಾಫಿ ಕೇಳಿದ್ನೇನು?"

"ಇಲ್ರಿ."

"ಮತ್ತ ನೀ ಏನಂತ ಹೇಳಿದಿ?"

ನಾನು ನೆಲ ನೋಡಿದೆ. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿಯಿತು. ಕಟ್ಟೆಯ ಮೇಲಿನ ಭಾಷಣ, ಅಡಿಗೆಮನೆಯ ಮಾತು, ಒಂದೊಂದೇ ಹಿಂದೆ ಹಿಂದೆ ಹೋಗಿ ಅವರ ಮುಖದಲ್ಲಿ ಬಿಚ್ಚಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಬೈಯಲಿಲ್ಲ. "ಬಾ" ಅಂದರು. "ಹರಿಪುರಕ್ಕ ಬಾ. ಎಲ್ಲಾರ ಮುಂದ, ನಾ ಆವತ್ತು ಅಂದದ್ದು ಅಂದಂಗ ಹೇಳು. ಅಷ್ಟ ಮಾಡು. ಮುಂದ ನಾ ನಿನಗ ಏನೂ ಕೇಳೂದಿಲ್ಲ."

"ಮಾಮಾ, ಆದದ್ದು ಆತು ಬಿಡ್ರಿ. ಮಾಲು ಒಳಗ ಬಿತ್ತಲ್ಲ, ಮಳಿ ನೋಡ್ರಿ ಹೊರಗ..."

"ಮಾಲು ನಂದು. ಮಾತೂ ನಂದಽ" ಅಂದರು.

ನಾನು ಹೋದೆ. ಹೋದೆ, ಆದರೆ ಚಪ್ಪರದ ಕೆಳಗೆ ದಾದಾಸಾಹೇಬರು ಕೂತಿದ್ದು ಕಂಡ ಕೂಡಲೇ ಕಾಲುಗಳು ಅವರ ಕುರ್ಚಿಯ ಬದಿಗೇ ಹೋಗಿ ನಿಂತವು. ಮಾಮಾ ಮಳೆಯಲ್ಲಿ ನಿಂತು ನನ್ನನ್ನು ಕಾದರು. ಹಮಾಲರು, ಮುಕಾದಮ, ನಾಲ್ಕಾರು ವ್ಯಾಪಾರಸ್ಥರು ನೋಡುತ್ತಿದ್ದರು. ನನ್ನ ಬಾಯಿ ತೆರೆಯಲಿಲ್ಲ. ಅವ್ವನ ಔಷಧ, ನೌಕರಿ ಎಂದು ಇಷ್ಟು ವರ್ಷ ನನಗೆ ನಾನು ಕಾರಣ ಹೇಳಿಕೊಂಡು ಬಂದಿದ್ದೇನೆ. ಅವು ಯಾವುವೂ ಆಗ ನೆನಪಿಗೆ ಬಂದಿರಲಿಲ್ಲ. ಹೆದರಿದ್ದೆ, ಅಷ್ಟೇ.

ಕಾದು ಕಾದು ಮಾಮಾ ತಾವೇ ಬಾಯಿಬಿಟ್ಟರು. ಮರಾಠಿಯಲ್ಲಿ. ತೂಕ ಕೇಳಲು, ದರ ಕೇಳಲು ಕಲಿತ ಆ ಮುರುಕು ಮರಾಠಿಯಲ್ಲಿ.

"ಮಾಫೀ ನಾಹೀ" ಅಂದರು.

ಯಾರೋ ನಕ್ಕರು. ಮಾಮಾ ನಿಲ್ಲಿಸಲಿಲ್ಲ. ಮಾತು ಹುಡುಕಲು ಅವರ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು.

"ಹಳದ ಮಾಝೀ. ಪೇವ ತುಮಚಾ. ಹಳದ ಪರತ."

ಅರಿಷಿಣ ನನ್ನದು, ಹಗೇವು ನಿಮ್ಮದು, ಅರಿಷಿಣ ವಾಪಸು ಕೊಡಿ. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಈ ಸಲ ಯಾರೂ ನಗಲಿಲ್ಲ. ದಾದಾಸಾಹೇಬರು ಮಾಮಾನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರಿಗೂ ತಿಳಿಯಿತು. ತೆಗೆಯಿರಿ ಎಂದು ಮುಕಾದಮನಿಗೆ ಹೇಳಿದರು.

ಬಾಯಿ ತೆಗೆದರು. ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕಲ್ಲ. ತೆಗೆದ ಬಾಯಿಗೆ ತಾಡಪಾಲು ಹಿಡಿದು ಹಮಾಲರು ನಿಂತರು. ಮಾಮಾ ಮಣ್ಣಿನ ಗುಡ್ಡೆಯ ಮೇಲೆ ಕಂಬಳಿಯನ್ನೂ ಸರಿಮಾಡಿಕೊಳ್ಳದೆ ಮಳೆಯಲ್ಲಿ ಕೂತರು. ನಡುವೆ ಇದ್ದದ್ದು ಒಂದು ಅಂಗಳದಷ್ಟು ಕೆಸರು. ದಾಟಿ ಹೋಗಿ ಪಕ್ಕದಲ್ಲಿ ಕೂತಿದ್ದರೂ ಸಾಕಿತ್ತು, ಮಾತು ಬೇಕಿರಲಿಲ್ಲ. ಅಷ್ಟು ಹೊತ್ತೂ ನಾನು ತಗಡಿನ ಕೆಳಗೆ ಒಣಗಿದ ಜಾಗದಲ್ಲಿ ನಿಂತಿದ್ದೆ. ಆಗ ಮೂಗಿಗೆ ಬಂದ ವಾಸನೆಯೇ ಹೋದ ವಾರ ಬಂದದ್ದು.

ಮಾಲು ದಾರಿಯಲ್ಲಿ ನೆನೆಯಿತು, ಮನೆಯಲ್ಲಿ ಹುಳ ಹತ್ತಿತು. ಉಳಿದದ್ದನ್ನು ಬಂದ ದರಕ್ಕೆ ಬೇರೆ ಅಡತಿಗೆ ಕೊಟ್ಟರು. ಇಂಜಿನ್ ಬರಲಿಲ್ಲ. ದಂಡೆಯ ಗೂಟಗಳನ್ನು ಆ ವರ್ಷದ ಹೊಳೆಯೇ ಕಿತ್ತುಕೊಂಡು ಹೋಯಿತು. ಆದರೆ ಓಣಿಯವರು ಮಾತ್ರ ಮತ್ತೆ ಅವರ ಕಟ್ಟೆಗೆ ಬರತೊಡಗಿದರೆಂದು ಅವ್ವ ಹೇಳಿದಳು. ಮಾಲು ಕಳೆದು ಮಾತು ಉಳಿಸಿಕೊಂಡರು.

ನನ್ನ ಕಥೆಯೋ? ದಾದಾಸಾಹೇಬರು ನನ್ನನ್ನು ಕೆಲಸದಿಂದ ಬಿಡಿಸುತ್ತಾರೆಂದು ಕಾದೆ. ಅವರು ನಕ್ಕು, "ನೀನು ಒಳ್ಳೆಯ ದುಭಾಷಿ ಕಣೋ, ಇಬ್ಬರಿಗೂ ಅವರವರಿಗೆ ಬೇಕಾದದ್ದನ್ನೇ ಹೇಳಿದೆ" ಎಂದು ಬೆನ್ನು ತಟ್ಟಿ ಹಿರಿಯ ಗುಮಾಸ್ತನನ್ನಾಗಿ ಮಾಡಿದರು. ನಾನು ಬೇಡವೆನ್ನಲಿಲ್ಲ. ಭಾಷಣದಲ್ಲಿ ಅವರು ಬೆಂಕಿ ಉಗುಳಿದರು, ನಾನು ನೀರು ಹಾಕಿದೆ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವರ ಮಾತನ್ನು ನಾನು ಇದ್ದಹಾಗೆ ಹೇಳಿದ್ದರೆ ಆ ಹಳ್ಳಿಗೆ ಸಿಟ್ಟು ಬರುತ್ತಿತ್ತು, ಎಚ್ಚರವೂ ಬರುತ್ತಿತ್ತು. ಚಪ್ಪಾಳೆ ಬೀಳದಿದ್ದರೆ ಅವರೂ ಆ ಮಾತನ್ನು ಅಲ್ಲಿಯೇ ಬಿಡುತ್ತಿದ್ದರೋ ಏನೋ. ಎಲ್ಲರೂ ಒಂದೇ ಹಗೇವಿನವರು ಎಂಬುದು ಚೆಂದದ ಮಾತೇ. ಅದನ್ನು ಆಡಬೇಕಾದವರು ಆಡಲಿಲ್ಲ, ಆಡಿದ ನನಗೆ ಅದನ್ನು ನಡೆಸುವ ಯೋಗ್ಯತೆ ಇರಲಿಲ್ಲ.

ಬಾಳಗೊಂಡ ಮಾಮಾ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಪಂಚಮಿಗೆ ಅವ್ವನನ್ನು ಕರೆಯಲು ಚಕ್ಕಡಿ ಅದೇ ಪ್ರಕಾರ ಬಂತು. ಅವ್ವನೊಡನೆ ನಗುತ್ತಿದ್ದರು, ಉಣ್ಣುತ್ತಿದ್ದರು. ನಾನು ಎದುರಿಗೆ ಬಂದರೆ ಮಾತ್ರ ಮರಾಠಿಯಲ್ಲಿ ಮಾತಾಡುತ್ತಿದ್ದರು. ಹೇಗಿದ್ದೀರಿ ಎಂದು ಬಹುವಚನದಲ್ಲಿ ಕೇಳುತ್ತಿದ್ದರು, ಗುಮಾಸ್ತ ಸಾಹೇಬ ಅನ್ನುತ್ತಿದ್ದರು. ಮೊದಮೊದಲು ಮಾತಿಗೆ ತಡವರಿಸುತ್ತಿದ್ದರು. ವರ್ಷ ಕಳೆದಂತೆ ಅವರ ಮರಾಠಿ ಸುಧಾರಿಸುತ್ತಾ ಹೋಯಿತು, ನನ್ನೊಬ್ಬನೊಡನೆ ಆಡಿ ಆಡಿ.

ಅವ್ವ ತೀರಿಕೊಂಡ ದಿನ ಬಂದು ಅವಳ ತಲೆಯ ಬಳಿ ಕೂತು, "ತಂಗಿ, ನನ್ನ ಬಿಟ್ಟು ಹೆಂಗ ಹ್ವಾದಿ" ಎಂದು ಚಿಕ್ಕ ಮಗುವಿನಂತೆ ಅತ್ತರು. ಇಡೀ ಮನೆ ಅವರೊಡನೆ ಅತ್ತಿತು. ಆಮೇಲೆ ಕಣ್ಣೊರೆಸಿಕೊಂಡು ಎದ್ದು ನನ್ನ ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟರು. ಅಳಿಯಾ ಎಂದಾರೆಂದು ನನ್ನ ಜೀವವೆಲ್ಲ ಕಿವಿಗೆ ಬಂದು ನಿಂತಿತು.

"ಆಯೀ ಗೇಲೀ. ಫಾರ ವಾಈಟ ಝಾಲಂ" ಅಂದರು. ತಾಯಿ ಹೋದಳು, ಬಹಳ ಕೆಟ್ಟದ್ದಾಯಿತು. ಒಂದು ತಪ್ಪೂ ಇಲ್ಲದ ಮರಾಠಿ.

ಹೋಯ್, ಹೌದು, ಎಂದು ನಾನೂ ಮರಾಠಿಯಲ್ಲೇ ಅಂದೆ.